ಮುಂಬಯಿ ಮಳೆಗಾಲದ ಬೂಷ್ಟು: ಎಸಿ, ಡೀಹ್ಯುಮಿಡಿಫೈಯರ್, ಡಬ್ಬಿ, ಬಣ್ಣ – ಯಾವ ಮನೆಗೆ ಯಾವುದು?

ಜೂನ್ ಎರಡನೇ ವಾರದ ಹೊತ್ತಿಗೆ ಮುಂಬಯಿಗೆ ಮಳೆ ಇಳಿಯುತ್ತದೆ. ಜುಲೈ ನಡುವಿಗೆ ಬಂದರೆ ಕಪಾಟಿನ ಬಾಗಿಲು ತೆರೆದಾಗ ಮುಗ್ಗಲು ವಾಸನೆ, ಚರ್ಮದ ಬೂಟಿನ ಮೇಲೆ ಬಿಳಿ ಪದರ, ಬೆಡ್‌ರೂಮಿನ ಮೂಲೆಯಲ್ಲಿ ಕಪ್ಪು ಚುಕ್ಕೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಪೂಜೆಗೆಂದು ರೇಷ್ಮೆ ಸೀರೆ ಹೊರತೆಗೆದು, ಮಡಿಕೆಯುದ್ದಕ್ಕೂ ಬೂಷ್ಟು ಕಂಡು ಸಂಕಟಪಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಆಗ ಮೊಬೈಲಿನಲ್ಲಿ ಹುಡುಕಿದರೆ ನೂರಿನ್ನೂರು ರೂಪಾಯಿಯ ಡಬ್ಬಿಯಿಂದ ಹತ್ತಾರು ಸಾವಿರದ ಯಂತ್ರದವರೆಗೆ ಸಾಲುಸಾಲು ಬರುತ್ತವೆ. ಎಲ್ಲದರ ಮೇಲೂ ‘ತೇವ ಹೀರುತ್ತದೆ’ ಎಂದೇ ಬರೆದಿರುತ್ತದೆ. ಹೀರುವುದು ನಿಜ. ಆದರೆ ಎಷ್ಟು ಹೀರುತ್ತದೆ, ನಿಮ್ಮ ಮನೆಯಲ್ಲಿ ಹೀರಬೇಕಾದ ನೀರು ಎಷ್ಟಿದೆ, ಆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳದೆ ದುಡ್ಡು ಬಿಚ್ಚಬೇಡಿ.

ಕರಾವಳಿಯಿಂದ ಬಂದವರು ಒಂದು ಪ್ರಶ್ನೆ ಕೇಳುವುದುಂಟು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 2,300ರ ಆಚೀಚೆ. ಹಾಗಿದ್ದೂ ಅಜ್ಜಿಮನೆಯ ಮರದ ಪೆಟ್ಟಿಗೆಗಿಂತ ಮುಂಬಯಿ ಪಕ್ಕದ ಡೊಂಬಿವಲಿಯ ಫ್ಲ್ಯಾಟಿನ ಕಪಾಟು ಬೇಗ ಬೂಷ್ಟು ಹಿಡಿಯುವುದೇಕೆ? ಊರಿನ ಮನೆಯಲ್ಲಿ ಅಡುಗೆಯ ಒಲೆ, ಬಚ್ಚಲ ಒಲೆ ಎರಡೂ ಉರಿಯುತ್ತಿದ್ದವು. ಹೆಂಚಿನ ಸಂದಿಯಲ್ಲಿ ಹಬೆ ತಾನೇ ಹೊರಗೆ ಹೋಗುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಬೇಕಾದದ್ದೆಲ್ಲ ಒಣಗುತ್ತಿತ್ತು. ಗೋಡೆಗೆ ಬಳಿಯುತ್ತಿದ್ದ ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಬೇರೂರುತ್ತಿರಲಿಲ್ಲ. ಇಲ್ಲಿ ನಾನೂರೈವತ್ತು ಚದರಡಿಯೊಳಗೆ ನಾಲ್ಕೈದು ಜನ, ಎರಡು ಹೊತ್ತು ಕುಕ್ಕರ್, ಹಾಲ್‌ನಲ್ಲಿ ಹಗ್ಗ ಕಟ್ಟಿ ಬಟ್ಟೆ, ಎರಚಲು ಬರುತ್ತದೆಂದು ಮುಚ್ಚಿದ ಸ್ಲೈಡಿಂಗ್ ಕಿಟಕಿ. ಹೊರಗಿನ ಮಳೆಯಷ್ಟೇ ಮನೆಯೊಳಗೆ ನಾವು ಸುರಿಯುವ ನೀರೂ ಲೆಕ್ಕಕ್ಕೆ ಬರುತ್ತದೆ.

ಆ ಲೆಕ್ಕ ಹೀಗಿದೆ. ಹತ್ತು-ಹನ್ನೆರಡು ಅಡಿಯ ಒಂದು ಕೋಣೆಯಲ್ಲಿ ಸುಮಾರು 32 ಘನ ಮೀಟರ್ ಗಾಳಿ ಇರುತ್ತದೆ. 28 ಡಿಗ್ರಿಯಲ್ಲಿ, ಶೇ. 90 ಆರ್ದ್ರತೆಯಿದ್ದರೆ ಆ ಗಾಳಿಯಲ್ಲಿರುವ ನೀರು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಆರ್ದ್ರತೆಯನ್ನು ಶೇ. 55ಕ್ಕೆ ಇಳಿಸಲು 300 ಮಿಲಿಲೀಟರ್ ತೆಗೆದರೆ ಸಾಕು. ಕೇಳಲು ಸುಲಭವಾಗಿದೆ. ಆದರೆ ಐದು ಕಿಲೋ ಬಟ್ಟೆಯನ್ನು ಮೆಷಿನ್ನಿನಲ್ಲಿ ಒಗೆದು, ಸ್ಪಿನ್ ಆದ ಮೇಲೆ ಆ ಕೋಣೆಯಲ್ಲೇ ಹರವಿದರೆ ಎರಡೂವರೆ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಇಬ್ಬರು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದ ಇನ್ನೂ ಅರ್ಧ ಲೀಟರಿಗೆ ಮೇಲೆ. ಕಿಟಕಿ ತೆರೆದಿದ್ದರೆ ಹೊರಗಿನ ಒದ್ದೆ ಗಾಳಿ ನಿಮಿಷಗಳಲ್ಲಿ ಒಳಗೆ ಬಂದು, ತೆಗೆದದ್ದನ್ನೆಲ್ಲ ಮರಳಿ ತುಂಬುತ್ತದೆ. ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ ಯಾವ ವಸ್ತು ಯಾವ ಕೆಲಸಕ್ಕೆ ಸಾಕು, ಯಾವುದಕ್ಕೆ ಸಾಲದು ಎಂಬುದು ಅರ್ಧ ತಿಳಿದಂತೆ.

ಬೂಷ್ಟಿನ ಬೀಜಕಣಗಳು ಎಲ್ಲ ಗಾಳಿಯಲ್ಲೂ ಇವೆ, ಅವನ್ನು ತಡೆಯಲಾಗದು. ತೇವವನ್ನು ತಡೆಯಬಹುದು. ಆರ್ದ್ರತೆ ಶೇ. 70 ದಾಟಿ ದಿನಗಟ್ಟಲೆ ನಿಂತರೆ ಬಟ್ಟೆ, ಪ್ಲೈವುಡ್, ಚರ್ಮ, ಕಾಗದದ ಮೇಲೆ ಬೂಷ್ಟು ಏಳುತ್ತದೆ. ಶೇ. 60ರ ಕೆಳಗಿಟ್ಟರೆ ಬಹುಮಟ್ಟಿಗೆ ನಿಲ್ಲುತ್ತದೆ. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಚಿಂತೆಯಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಮೊದಲು ಕೊಳ್ಳಬೇಕಾದ್ದು ಆರ್ದ್ರತೆ ತೋರಿಸುವ ಪುಟ್ಟ ಹೈಗ್ರೋಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಒಂದು ದಿನ ಹಾಲ್‌ನಲ್ಲಿ, ಒಂದು ದಿನ ಕಪಾಟಿನೊಳಗೆ, ಒಂದು ದಿನ ಮಂಚದ ಕೆಳಗೆ ಇಟ್ಟು ನೋಡಿ. ಹಾಲ್‌ನಲ್ಲಿ 72, ಕಪಾಟಿನಲ್ಲಿ 86 ಎಂದು ತೋರಿಸಿದರೆ ದುಡ್ಡು ಎಲ್ಲಿ ಹಾಕಬೇಕೆಂದು ಅದೇ ಹೇಳುತ್ತದೆ.

ಎರಡನೆಯ ಪರೀಕ್ಷೆಗೆ ಖರ್ಚೇ ಇಲ್ಲ. ತೇವ ಕಂಡ ಗೋಡೆಯ ಮೇಲೆ ಒಂದು ಅಂಗೈಯಗಲ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ಕಿತ್ತು ನೋಡಿ. ಗೋಡೆಯ ಕಡೆಯ ಮುಖ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಹೊರಗಿನ ಬಿರುಕು, ಪೈಪು, ಮೇಲಿನ ಮನೆಯ ಬಾತ್‌ರೂಮು, ಟೆರೇಸು. ಕೋಣೆಯ ಕಡೆಯ ಮುಖ ಒದ್ದೆಯಾಗಿದ್ದರೆ ಅದು ಗಾಳಿಯ ನೀರು. ಮೊದಲನೆಯದಕ್ಕೆ ಯಾವ ಯಂತ್ರವೂ ಪರಿಹಾರವಲ್ಲ, ಸೋರಿಕೆಯನ್ನೇ ನಿಲ್ಲಿಸಬೇಕು. ಮುಂದಿನ ಹೋಲಿಕೆಯೆಲ್ಲ ಎರಡನೆಯದಕ್ಕೆ.

ಕಿಟಕಿ ತೆರೆಯಬೇಕೇ, ಮುಚ್ಚಬೇಕೇ?

ಎರಡೂ. ಜುಲೈಯ ಮುಂಬಯಿಯಲ್ಲಿ ಹೊರಗಿನ ಗಾಳಿ ನಮ್ಮ ಮನೆಯನ್ನು ಹೊರಗಿನದಕ್ಕಿಂತ ಒಣಗಿಸಲಾರದು. ಮಳೆ ನಿಂತು ಬಿಸಿಲು ಇಣುಕಿದರೂ ಗಾಳಿಯಲ್ಲಿನ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಅಡುಗೆ, ಸ್ನಾನ, ನಿದ್ದೆಯಿಂದ ಒಳಗಿನ ತೇವ ಹೊರಗಿನದನ್ನೂ ಮೀರಿರುತ್ತದೆ. ಆ ಹೆಚ್ಚುವರಿಯನ್ನು ಹೊರಹಾಕಲು ಕಿಟಕಿ ಬೇಕು. ರಾತ್ರಿ ಎಸಿ ಓಡಿಸಿರದಿದ್ದರೆ ಬೆಳಗ್ಗೆ ಎದ್ದ ಕೂಡಲೇ ಎದುರುಬದುರು ಎರಡು ಕಿಟಕಿ ಹತ್ತು ನಿಮಿಷ ತೆರೆಯಿರಿ. ಕುಕ್ಕರ್ ಸೀಟಿ ಹೊಡೆಯುವಾಗ ಎಕ್ಸಾಸ್ಟ್ ಫ್ಯಾನ್ ಓಡಲಿ, ಸ್ನಾನ ಮುಗಿದ ಮೇಲೂ ಬಾಗಿಲು ಮುಚ್ಚಿ ಅರ್ಧ ಗಂಟೆ ಓಡಲಿ. ಎಸಿಯೋ ಯಂತ್ರವೋ ಓಡುವಾಗ ಕಿಟಕಿ ಪೂರ್ತಿ ಮುಚ್ಚಿ. ಎಕ್ಸಾಸ್ಟ್ ಇಲ್ಲದ ಬಾತ್‌ರೂಮಿದ್ದರೆ ಬೇರೆ ಯಾವುದಕ್ಕೂ ಮೊದಲು ಅದನ್ನು ಹಾಕಿಸಿ. ಈ ಬರಹದಲ್ಲಿ ಬರುವ ಎಲ್ಲದರ ಪೈಕಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಅದೇ.

ಎಸಿಯ ಡ್ರೈ ಮೋಡ್ ಅಥವಾ ಡೀಹ್ಯುಮಿಡಿಫೈಯರ್

ಎರಡರ ಒಳಗಿನ ಕೆಲಸ ಒಂದೇ. ತಂಪಾದ ಕೊಳವೆಗಳ ಮೇಲೆ ಗಾಳಿ ಹಾಯಿಸಿ ನೀರನ್ನು ಹನಿಗಟ್ಟಿಸುವುದು. ಬಿಸಿಯನ್ನು ಎಲ್ಲಿ ಬಿಡುತ್ತವೆ ಎಂಬುದರಲ್ಲಿ ವ್ಯತ್ಯಾಸ. ಎಸಿ ಹೊರಗೆ ಬಿಡುತ್ತದೆ, ಡೀಹ್ಯುಮಿಡಿಫೈಯರ್ ಕೋಣೆಯೊಳಗೇ ಬಿಡುತ್ತದೆ. ಹಾಗಾಗಿ ಡೀಹ್ಯುಮಿಡಿಫೈಯರ್ ಓಡುವ ಕೋಣೆ ಒಂದೆರಡು ಡಿಗ್ರಿ ಬಿಸಿಯಾಗುತ್ತದೆ. ಅಲ್ಲಿ ಮಲಗುವುದು ಕಷ್ಟ. ಎಸಿಯ ಕೋಣೆಯಲ್ಲಿ ಹಾಯಾಗಿ ನಿದ್ದೆ ಬರುತ್ತದೆ.

ಮನೆಯಲ್ಲಿ ಆಗಲೇ ಎಸಿ ಇದ್ದರೆ ಅದರಿಂದಲೇ ಶುರು ಮಾಡಿ. ಮಲಗುವ ಮುನ್ನ ಒಂದೆರಡು ಗಂಟೆ, ತೇವ ತೆಗೆಯಲೆಂದೇ ಇರುವ ಡ್ರೈ ಮೋಡ್, ಇಲ್ಲವೇ 25–26 ಡಿಗ್ರಿಯಲ್ಲಿ ಸಾಮಾನ್ಯ ಮೋಡ್. 18ಕ್ಕೆ ಇಳಿಸುವ ಅಭ್ಯಾಸ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಜುಲೈಯಲ್ಲಿ ಇಲ್ಲಿನ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸು, ಅಂದರೆ ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯನ್ನು ಹೊರಗಿನ ಗಾಳಿ ಮುಟ್ಟಿದರೂ ನೀರು ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದು ಹೀಗೆಯೇ. ರಾತ್ರಿಯಿಡೀ ತಣ್ಣಗಾದ ಗೋಡೆಯ ಆಚೆಬದಿ, ಅಂದರೆ ಎಸಿ ಇಲ್ಲದ ಪಕ್ಕದ ಕೋಣೆಯಲ್ಲಿ, ಅದೇ ಗೋಡೆಗೆ ತಾಗಿ ಕಪಾಟಿದ್ದರೆ ಅದರ ಬೆನ್ನಿಗೆ ಬೂಷ್ಟು ಖಚಿತ. ಬೆಳಗ್ಗೆ ಎಸಿ ಆರಿಸಿದ ತಕ್ಷಣ ಕಿಟಕಿ ತೆರೆದರೂ ಇದೇ ಆಗುತ್ತದೆ. ಕೋಣೆ ಸ್ವಲ್ಪ ಬೆಚ್ಚಗಾಗಲಿ, ಆಮೇಲೆ ತೆರೆಯಿರಿ. ಎಸಿಯ ಫಿಲ್ಟರನ್ನು ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಎಸಿ ಹಾಕಿದೊಡನೆ ಮುಗ್ಗಲು ವಾಸನೆ ಬಂದರೆ ಬೂಷ್ಟು ಅದರ ಹೊಟ್ಟೆಯಲ್ಲೇ ಇದೆ, ಸರ್ವಿಸ್ ಮಾಡಿಸಿ.

ಡೀಹ್ಯುಮಿಡಿಫೈಯರ್ ಯಾರಿಗೆ? ಎಸಿ ಇಲ್ಲದವರಿಗೆ, ಪುಸ್ತಕ-ಸೀರೆ-ವಾದ್ಯಗಳಿಗೆಂದೇ ಒಂದು ಕೋಣೆ ಇರುವವರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆ ಒಳಗೇ ಒಣಗಿಸಬೇಕಾದವರಿಗೆ. ಸಂಜೆ ಬಟ್ಟೆ ಹರವಿ, ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಜೊತೆಗೆ ಯಂತ್ರ ಹಾಕಿಟ್ಟರೆ ಬೆಳಗ್ಗೆಗೆ ಬಟ್ಟೆ ಗರಿಗರಿ. ಮೂರು ದಿನ ಹಗ್ಗದ ಮೇಲೆ ನೇತಾಡಿ ವಾಸನೆ ಹಿಡಿಯುವ ಶಾಲೆಯ ಯೂನಿಫಾರ್ಮಿನ ಕಷ್ಟ ಅಲ್ಲಿಗೆ ಮುಗಿಯುತ್ತದೆ. ಆ ಬಿಸಿ ಇಲ್ಲಿ ಉಪಕಾರಕ್ಕೇ ಬರುತ್ತದೆ. ಯಾರೂ ಇಲ್ಲದ ಹಗಲಿನಲ್ಲಿ ಬೆಡ್‌ರೂಮಿನಲ್ಲಿ ಓಡಿಸಿ ರಾತ್ರಿ ಆರಿಸುವುದು ಇನ್ನೊಂದು ಒಳ್ಳೆಯ ಕ್ರಮ.

ಕೊಳ್ಳುವಾಗ ಎರಡು ಎಚ್ಚರ. ‘ದಿನಕ್ಕೆ 20 ಲೀಟರ್’ ಎಂದು ಡಬ್ಬದ ಮೇಲೆ ಬರೆಯುವುದು ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ಆರ್ದ್ರತೆಯಲ್ಲಿ ಅಳೆದದ್ದು. ಕೋಣೆ ಶೇ. 60ರ ಹತ್ತಿರ ಬಂದ ಮೇಲೆ ಅದು ಅರ್ಧದಷ್ಟಕ್ಕೆ ಇಳಿಯುತ್ತದೆ. ಒಂದು ಬೆಡ್‌ರೂಮಿಗೆ 10–12 ಲೀಟರಿನದು ಸಾಕು, ಹಾಲ್ ಸಮೇತ ಬೇಕೆಂದರೆ 20ರದು ನೋಡಿ. ಎರಡನೆಯದು, ಕಂಪ್ರೆಸರ್ ಇಲ್ಲದ, ಅಂಗೈಗೆ ಸಿಗುವಂಥ ಸಣ್ಣ ‘ಪೆಲ್ಟಿಯರ್’ ಯಂತ್ರಗಳು. ಬೆಲೆ ಕಡಿಮೆ, ಸದ್ದಿಲ್ಲ, ನೋಡಲು ಚೆಂದ. ಆದರೆ ದಿನಕ್ಕೆ ತೆಗೆಯುವುದು ಕಾಲಿನಿಂದ ಅರ್ಧ ಲೀಟರ್. ಮೇಲಿನ ಎರಡೂವರೆ ಲೀಟರ್ ಬಟ್ಟೆಯ ನೀರನ್ನು ನೆನಪಿಸಿಕೊಳ್ಳಿ. ಕೋಣೆಗೆ ಅದು ಯಾವ ಲೆಕ್ಕಕ್ಕೂ ಇಲ್ಲ, ದಯವಿಟ್ಟು ಕೊಳ್ಳಬೇಡಿ.

ಕರೆಂಟು ಎಷ್ಟು? 12 ಲೀಟರಿನ ಯಂತ್ರ ಸುಮಾರು 250 ವ್ಯಾಟ್ ಎಳೆಯುತ್ತದೆ. ಎಂಟು ಗಂಟೆಗೆ ಎರಡು ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೆ ದಿನಕ್ಕೆ 20 ರೂಪಾಯಿ. ಒಂದೂವರೆ ಟನ್ನಿನ ಎಸಿ ಬಿಡುವಿಲ್ಲದೆ ಓಡಿದರೆ ಗಂಟೆಗೇ ಒಂದೂವರೆ ಯೂನಿಟ್ ಹತ್ತಿರ, ಡ್ರೈ ಮೋಡಿನಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ತೇವ ತೆಗೆಯುವುದಷ್ಟೇ ಉದ್ದೇಶವಾದರೆ ದಿನದಿನದ ಖರ್ಚಿನಲ್ಲಿ ಡೀಹ್ಯುಮಿಡಿಫೈಯರ್ ಗೆಲ್ಲುತ್ತದೆ. ಆದರೆ ಕೊಳ್ಳುವ ಬೆಲೆ ಹತ್ತು ಸಾವಿರ ದಾಟುತ್ತದೆ, ಉಳಿದ ಎಂಟು ತಿಂಗಳು ಅದನ್ನು ಎಲ್ಲಿ ಇಡುವುದೆಂಬ ಮುಂಬಯಿಯ ಪ್ರಶ್ನೆಯೂ ಇದೆ. ಬಟ್ಟೆಯ ಸಮಸ್ಯೆಯೊಂದೇ ಆದರೆ ಮೊದಲು ಮೆಷಿನ್ನಿನಲ್ಲಿ ಇನ್ನೊಮ್ಮೆ ಬರಿಯ ಸ್ಪಿನ್ ಓಡಿಸಿ ನೋಡಿ. ಗಾಳಿಗೆ ಸೇರುವ ನೀರು ಬಿಟ್ಟಿಯಾಗಿ ಕಡಿಮೆಯಾಗುತ್ತದೆ.

ಕಪಾಟಿನೊಳಗೆ: ಡಬ್ಬಿ, ಮಣಿ, ಕರ್ಪೂರ, ಡಾಂಬರ್ ಗೋಳಿ

ಕೋಣೆಗೆ ಏನೂ ಸಾಲದ ಡಬ್ಬಿಗಳು ಮುಚ್ಚಿದ ಕಪಾಟಿನಲ್ಲಿ ಕೆಲಸ ಮಾಡುತ್ತವೆ. ಕೆಳಗೆ ನೀರು ತುಂಬುವ ಪ್ಲಾಸ್ಟಿಕ್ ಡಬ್ಬಿಯಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರಿ ತಾನೇ ಕರಗುತ್ತದೆ. ಒಂದು ಡಬ್ಬಿಗೆ ಹಲವು ವಾರ ಬೇಕು, ಹೀರುವುದು ಅರ್ಧ ಲೀಟರ್ ಆಸುಪಾಸು. ಹೀರುವ ಶಕ್ತಿಯಲ್ಲಿ ಇದೇ ಮುಂದೆ. ಆದರೆ ಅದರಲ್ಲಿ ನಿಲ್ಲುವ ನೀರು ಬರಿಯ ನೀರಲ್ಲ, ಗಾಢ ಉಪ್ಪುದ್ರಾವಣ. ಸೀರೆಯ ಮೇಲೆ ಚೆಲ್ಲಿದರೆ ಜರಿ ಹಾಳು, ಚರ್ಮ ಮುದುರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದನ್ನು ಕಪಾಟಿನ ತಳದಲ್ಲಿ, ಸ್ಟೀಲ್ ತಟ್ಟೆಯ ಮೇಲೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಹ್ಯಾಂಗರಿಗೆ ನೇತುಹಾಕುವ ಚೀಲದ ರೂಪದ್ದನ್ನು ರೇಷ್ಮೆಯ ಪಕ್ಕದಲ್ಲಿ ನಾನಂತೂ ಇಡುವುದಿಲ್ಲ.

ರೇಷ್ಮೆ, ಕ್ಯಾಮೆರಾ, ಒಡವೆ, ದಾಖಲೆಗಳಿಗೆ ಸಿಲಿಕಾ ಜೆಲ್ ಸರಿ. ತೂಕದ ಮೂರನೇ ಒಂದು ಭಾಗದಷ್ಟು ನೀರನ್ನು ಮಾತ್ರ ಹೀರುತ್ತದೆ, ಆದರೆ ಒದ್ದೆಯಾಗುವುದಿಲ್ಲ, ಸೋರುವುದಿಲ್ಲ, ಒವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಬಣ್ಣ ಬದಲಿಸುವ ಮಣಿ ಬೇಕೆಂದರೆ ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬವಿದ್ದರಷ್ಟೇ ಇದಕ್ಕೆ ಬೆಲೆ. ಬಾಗಿಲು ಸಂದಿ ಬಿಟ್ಟ ಹಳೆಯ ಕಪಾಟಿನಲ್ಲಿ ಎರಡು ದಿನಕ್ಕೇ ಬಣ್ಣ ತಿರುಗುತ್ತದೆ.

ಕರ್ಪೂರ ಮತ್ತು ಡಾಂಬರ್ ಗೋಳಿ ತೇವ ಹೀರುವುದೇ ಇಲ್ಲ. ಅವು ಹುಳುಗಳಿಗೆ. ವಾಸನೆ ಮರೆಮಾಡುತ್ತವೆ, ಹಾಗಾಗಿ ಬೂಷ್ಟು ಇದೆಯೆಂದು ತಡವಾಗಿ ತಿಳಿಯುತ್ತದೆ. ನಾಫ್ತಲೀನಿನ ಗೋಳಿಗಳನ್ನು ಎಳೆಮಕ್ಕಳ ಬಟ್ಟೆಯ ಜೊತೆ ಎಂದಿಗೂ ಇಡಬೇಡಿ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆಯಿರುವ ಮಗುವಿಗೆ ಅದರ ಆವಿಯಿಂದ ರಕ್ತಕಣ ಒಡೆದು ಪ್ರಾಣಾಪಾಯ ಬರಬಹುದು. ಇದ್ದಿಲಿನ ಚೀಲ ವಾಸನೆ ಹೀರುತ್ತದೆ, ಇಷ್ಟು ಆರ್ದ್ರತೆಯಲ್ಲಿ ತೇವದ ವಿಷಯದಲ್ಲಿ ಅದನ್ನು ನಂಬಲಾಗದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ್ದೊಂದಿದೆ. ಹತ್ತಿಬಟ್ಟೆ ಒಣಗಿದಂತೆ ಕಂಡಾಗಲೂ ನೀರು ಹಿಡಿದಿರುತ್ತದೆ: ಶೇ. 65 ಆರ್ದ್ರತೆಯಲ್ಲಿ ತನ್ನ ತೂಕದ ಶೇ. 8ರಷ್ಟು, ಶೇ. 90ರಲ್ಲಿ ಹತ್ತಿರಹತ್ತಿರ ಅದರ ದುಪ್ಪಟ್ಟು. ಮೂವತ್ತು ಕಿಲೋ ಬಟ್ಟೆ ತುಂಬಿದ ಕಪಾಟಿನಲ್ಲಿ ಹೀಗೆ ಹೆಚ್ಚುವರಿಯಾಗಿ ಕೂತ ನೀರೇ ಎರಡು ಲೀಟರ್ ಆದೀತು. ಅರ್ಧ ಲೀಟರಿನ ಡಬ್ಬಿ ಅದನ್ನು ಹೇಗೆ ನಿಭಾಯಿಸಬೇಕು? ಆದ್ದರಿಂದ ವಾರಕ್ಕೊಮ್ಮೆ ಎಸಿ ಅಥವಾ ಡೀಹ್ಯುಮಿಡಿಫೈಯರ್ ಓಡುವ ಮುಚ್ಚಿದ ಕೋಣೆಯಲ್ಲಿ ಕಪಾಟಿನ ಬಾಗಿಲು ಮೂರ್ನಾಲ್ಕು ಗಂಟೆ ತೆರೆದಿಡಿ. ಬಟ್ಟೆ ಒತ್ತಿ ತುಂಬಬೇಡಿ. ಇಸ್ತ್ರಿ ಮಾಡಿದ್ದನ್ನು ಬಿಸಿ ಆರಿದ ಮೇಲೆ ಒಳಗಿಡಿ. ಆಮೇಲೆ ಡಬ್ಬಿ. ಈ ಕ್ರಮದಲ್ಲಿ ಮಾಡಿದರೆ ಮಾತ್ರ ಡಬ್ಬಿಗೆ ಕೊಟ್ಟ ದುಡ್ಡು ವ್ಯರ್ಥವಾಗದು. ಮತ್ತೆ, ಕಪಾಟನ್ನು ಗೋಡೆಯಿಂದ ಮೂರು ಇಂಚು ಮುಂದೆ ಸರಿಸಿ. ನೈಋತ್ಯ ಮಾರುತ ನೇರ ಹೊಡೆಯುವ ಪಶ್ಚಿಮ-ದಕ್ಷಿಣದ ಗೋಡೆಗೆ ಪ್ಲೈವುಡ್ ಕಪಾಟನ್ನು ಅಂಟಿಸಿ ಕಟ್ಟಿಸುವುದು ಈ ಊರಿನ ಇಂಟೀರಿಯರ್ ಕೆಲಸದಲ್ಲಿ ಕಾಣುವ ದೊಡ್ಡ ತಪ್ಪು.

ಊರಿನಿಂದ ತಂದ ಹಪ್ಪಳ, ಶೇಂಗಾ, ಬೆಲ್ಲವನ್ನು ಗಾಳಿಯಾಡದ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ. ಬೂಷ್ಟು ಹಿಡಿದ ಶೇಂಗಾವನ್ನು ಒರೆಸಿ ಹುರಿದು ತಿನ್ನಬೇಡಿ. ಅದರಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೆ ಪೂರ್ತಿ ಹೋಗುವುದಿಲ್ಲ.

ಬಂದದ್ದನ್ನು ತೆಗೆಯುವುದು

ಟೈಲ್ಸ್, ಗಾಜು, ಸ್ಟೀಲಿನ ಮೇಲೆ ಬ್ಲೀಚ್ ಚೆನ್ನಾಗಿ ಕೆಲಸ ಮಾಡುತ್ತದೆ: ಒಂದು ಲೀಟರ್ ನೀರಿಗೆ 60 ಮಿಲಿಲೀಟರ್, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಬಣ್ಣದ ಗೋಡೆ, ಮರ, ಪಿಒಪಿಯಂಥ (ಪ್ಲಾಸ್ಟರ್ ಆಫ್ ಪ್ಯಾರಿಸ್) ನೀರು ಹೀರುವ ಮೇಲ್ಮೈಯಲ್ಲಿ ಬ್ಲೀಚ್ ಕಪ್ಪನ್ನು ಬಿಳಿ ಮಾಡುತ್ತದೆ, ಬೇರಿಗೆ ತಲುಪದೆ ಕೆಲವೇ ವಾರದಲ್ಲಿ ಚುಕ್ಕೆ ಮತ್ತೆ ಬರುತ್ತದೆ. ಅಲ್ಲಿ ಬಿಳಿ ವಿನೆಗರ್ ವಾಸಿ. ನೀರು ಬೆರೆಸದೆ ಸಿಂಪಡಿಸಿ ಒಂದು ಗಂಟೆ ಬಿಟ್ಟು ಒರೆಸಿ. ಮಾರ್ಬಲ್, ಕಡಪ ಕಲ್ಲಿನ ಮೇಲೆ ವಿನೆಗರ್ ಬೇಡ, ಹೊಳಪು ತಿನ್ನುತ್ತದೆ. ಎರಡೂ ಇಲ್ಲದಿದ್ದರೆ ಸೋಪಿನ ನೀರು, ಬ್ರಷ್ಷು, ಆಮೇಲೆ ಫ್ಯಾನು. ಸತ್ತ ಬೂಷ್ಟಿಗೂ ಅಲರ್ಜಿ ತರುವ ಗುಣವಿದೆ. ಹಾಗಾಗಿ ಉಜ್ಜಿ ತೆಗೆಯುವುದೇ ಮುಖ್ಯ, ಏನು ಸಿಂಪಡಿಸಿದಿರಿ ಎಂಬುದು ಆಮೇಲಿನ ಮಾತು.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಬ್ಲೀಚಿಗೆ ಬಾತ್‌ರೂಮಿನ ಆಸಿಡ್ಡನ್ನಾಗಲಿ, ವಿನೆಗರನ್ನಾಗಲಿ, ಅಮೋನಿಯಾ ಇರುವ ಗಾಜಿನ ಕ್ಲೀನರನ್ನಾಗಲಿ ಬೆರೆಸಬೇಡಿ. ಕಿಟಕಿಯಿಲ್ಲದ ನಾಲ್ಕಡಿಯ ಬಾತ್‌ರೂಮಿನಲ್ಲಿ ಏಳುವ ವಿಷಗಾಳಿ ಶ್ವಾಸಕೋಶ ಸುಡುತ್ತದೆ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳಿ, ಕೈಗವಸು, ಎನ್95 ಮಾಸ್ಕ್ ಕೊಡಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅವರು ಆ ಹೊತ್ತು ಬೇರೆ ಕೋಣೆಯಲ್ಲಿರಲಿ. ಮೂರಡಿಗೆ ಮೂರಡಿಗಿಂತ ದೊಡ್ಡದಾಗಿ ಹರಡಿದ್ದರೆ ಕೆಲಸ ಬಲ್ಲವರನ್ನು ಕರೆಸಿ.

ಬಣ್ಣ ಮತ್ತು ವಾಟರ್‌ಪ್ರೂಫಿಂಗ್

ಫಂಗಸ್ ನಿರೋಧಕ ಬಣ್ಣ ಒಣ ಗೋಡೆಗೆ ಒಳ್ಳೆಯದು. ಹಸಿ ಗೋಡೆಗೆ ಬಳಿದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಫಾಯಿಲ್ ಪರೀಕ್ಷೆಯಲ್ಲಿ ಗೋಡೆಯ ಮುಖ ಒದ್ದೆಯಾಗಿತ್ತು ಎಂದಾದರೆ, ಇಲ್ಲವೇ ಗೋಡೆಯ ಮೇಲೆ ಬಿಳಿ ಉಪ್ಪಿನ ಪುಡಿ ಏಳುತ್ತಿದೆ ಎಂದಾದರೆ, ಒಳಗಿನಿಂದ ಬಳಿಯುವ ಯಾವ ಬಣ್ಣಕ್ಕೂ ದುಡ್ಡು ಹಾಕಬೇಡಿ. ಹೊರಗಿನ ಬಿರುಕು ಮುಚ್ಚಿಸಿ, ಅಕ್ಟೋಬರಿನ ಬಿಸಿಲಿಗೆ ಗೋಡೆ ಒಣಗಲು ಬಿಟ್ಟು, ಡಿಸೆಂಬರ್ ಕಳೆದ ಮೇಲೆ ಬಣ್ಣ ಹಚ್ಚಿಸಿ. ಜುಲೈಯಲ್ಲಿ ಬಂದು ‘ಈಗಲೇ ಒಳಗಿಂದ ಕೆಮಿಕಲ್ ಹೊಡೆದು ನಿಲ್ಲಿಸುತ್ತೇನೆ’ ಎನ್ನುವ ಕಾಂಟ್ರಾಕ್ಟರನಿಗೆ ಬೇಡ ಎನ್ನಿ.

ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನ ಮೇಲೆ ಹನ್ನೊಂದು ತಿಂಗಳಿಗೆ ಇರುವವರು ಗೋಡೆಗೆ ಒಂದು ರೂಪಾಯಿಯನ್ನೂ ಹಾಕದಿರುವುದು ಮೇಲು. ಹೊತ್ತೊಯ್ಯಬಹುದಾದದ್ದನ್ನು ಮಾತ್ರ ಕೊಳ್ಳಿ. ಏಪ್ರಿಲ್-ಮೇಯಲ್ಲಿ ಮನೆ ನೋಡಲು ಹೋದಾಗ ಹೊಸ ಬಣ್ಣಕ್ಕೆ ಮರುಳಾಗದೆ ಕಪಾಟಿನ ಹಿಂಬದಿ, ಲಾಫ್ಟಿನ ಮೂಲೆ, ಕಿಟಕಿಯ ಕೆಳಗಿನ ಪಟ್ಟಿ ಮುಟ್ಟಿ ನೋಡಿ.

ಸ್ವಂತ ಮನೆಯವರಿಗೆ ದಾರಿ ಬೇರೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಟೆರೇಸು, ಹೊರಗೋಡೆ, ಸಾಮೂಹಿಕ ಪೈಪಿನಿಂದ ಬರುವ ಸೋರಿಕೆಯನ್ನು ಸರಿಪಡಿಸುವ ಹೊಣೆ ಸೊಸೈಟಿಯದು. ಮೇಲಿನ ಮನೆಯ ಬಾತ್‌ರೂಮು, ಸಿಂಕಿನಿಂದ ಸೋರಿದರೆ ಖರ್ಚು ಆ ಫ್ಲ್ಯಾಟಿನವರಿಗೂ ಸೇರುತ್ತದೆ. ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಮುಂಬಯಿಯಲ್ಲಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಕಡ್ಡಾಯ. ಅದರ ವರದಿ ಕೇಳಿ ನೋಡಿ, ನಿಮ್ಮ ಗೋಡೆಯ ವಿಷಯ ಅದರಲ್ಲೇ ಇರಬಹುದು. ಸೆಕ್ರೆಟರಿಯ ಬಳಿ ಲಿಫ್ಟಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ. ಗೋಡೆ ಒದ್ದೆಯಿರುವಾಗಲೇ ದಿನಾಂಕ ಸಹಿತ ಫೋಟೋ ತೆಗೆದು, ಪತ್ರ ಬರೆದು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ನಿಮ್ಮ ಪತ್ರ ಆ ಸಭೆಯ ಮುಂದೆ ಬಂದು ಮಂಜೂರಾದರೆ ನವೆಂಬರಿನಿಂದ ಮೇ ತನಕ ಒಣ ತಿಂಗಳುಗಳು ಕೆಲಸಕ್ಕೆ ಸಿಗುತ್ತವೆ. ಸಭೆ ತಪ್ಪಿದರೆ ಮುಂದಿನ ಮಳೆಗಾಲವನ್ನೂ ಅದೇ ಒದ್ದೆ ಗೋಡೆಯ ಪಕ್ಕದಲ್ಲಿ ಕಳೆಯಬೇಕಾಗುತ್ತದೆ.